ಅಕ್ಕೋರ ದೀಪದ ಕಿವಿ

ಸಂಗವ್ವ ಅಕ್ಕೋರು ಪಾಠ ಶುರು ಮಾಡುವ ಮೊದಲು ಬೆರಳಿನ ಗೆಣ್ಣಿನಿಂದ ಎದೆಯ ಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಎಲೆಸಂಚಿಯೊಳಗೆ ಕೈ ಹಾಕಿ ಏನೋ ಒತ್ತುತ್ತಿದ್ದರು. ಒತ್ತಿದ್ದೇ ತಡ, ತಲೆಯ ಸೆರಗಿನ ಮೇಲಿಂದ ಹಾಯ್ದ ಕಬ್ಬಿಣದ ಪಟ್ಟಿಯ ನಟ್ಟನಡುವೆ, ಸರಿಯಾಗಿ ನಡುನೆತ್ತಿಯ ಮೇಲೆ, ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಪಟ್ಟಿಯ ಎರಡು ತುದಿಗೆ ಎರಡು ಕರಿಯ ಡಬ್ಬಿಗಳು ಕಿವಿಯನ್ನು ಅವುಚಿಕೊಂಡು ಕೂತಿರುತ್ತಿದ್ದವು. ಅಲ್ಲಿಂದ ಹೊರಟ ತಂತಿ ಎದೆಯ ಮೇಲೆ ಹಾದು ಸಂಚಿಯೊಳಗೆ ಇಳಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಅಕ್ಕೋರು ಸೆಟೆದು ನಿಂತು ಎದುರಿನವರ ಮುಖ ನೋಡುತ್ತಿದ್ದರು.

"ದೀಪಾ ಹಚ್ಚೇನಿ. ಈಗ ಅನ್ರಿ, ಏನನ್ನಾವ್ರದೀರಿ."

ಇದನ್ನು ಅವರು ಒಂದನೆಯ ಇಯತ್ತೆಯ ಮಕ್ಕಳಿಗೂ ಅನ್ನುತ್ತಿದ್ದರು, ಊರ ಸರಪಂಚರಿಗೂ ಅನ್ನುತ್ತಿದ್ದರು. ದನಿಯಲ್ಲಿ ಎಳ್ಳಿನಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ.

ತಿಕೋಂಡಿಯಿಂದ ಮೂರು ಮೈಲು ಆಚೆಗೆ, ಮರಾಠಿ ರಾಜ್ಯಕ್ಕೆ ಸೇರಿದ ಗಡಿಯ ಒಂದು ವಸ್ತಿ ಅದು. ನಲವತ್ತು ಮನೆ. ಅರ್ಧ ಕುರಿ ಕಾಯುವವರು, ಅರ್ಧ ಒಕ್ಕಲುತನದವರು. ಅಲ್ಲಿನ ಕನ್ನಡ ಶಾಲೆಗೆ ಒಂದು ಕೋಣೆ, ಒಂದು ಪಡಸಾಲೆ, ನಾಲ್ಕು ಇಯತ್ತೆ, ಇಬ್ಬರು ಶಿಕ್ಷಕರು. ಮುಖ್ಯ ಶಿಕ್ಷಕಿ ಸಂಗವ್ವ ಅಕ್ಕೋರು, ಎರಡನೆಯವನು ನಾನು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆರಡು. ಅಸಂಗಿಯಿಂದ ಸೈಕಲ್ ಮೇಲೆ ಟ್ರಂಕು ಹೇರಿಕೊಂಡು ಬಂದು, ವಸ್ತಿಯಲ್ಲಿ ಒಂದು ಕೋಣೆ ಹಿಡಿದು, ನಾನೇ ದೊಡ್ಡ ಮಾಸ್ತರ ಎಂದು ಮೀಸೆ ತಿರುವುತ್ತಿದ್ದೆ. ತಿರುವುವಷ್ಟು ಮೀಸೆ ಇರಲಿಲ್ಲ, ಅದು ಬೇರೆ ಮಾತು.

ನೌಕರಿಯ ಕಾಗದ ತೆಗೆದುಕೊಳ್ಳಲು ತಾಲೂಕಿನ ಊರಾದ ಜತ್ತಿಗೆ ಹೋಗಿದ್ದಾಗ, ಶಾಲೆಗಳ ತಪಾಸಣೆ ಮಾಡುವ ಸಾಹೇಬರು ನನ್ನನ್ನು ಕೂಡಿಸಿಕೊಂಡು ಚಹಾ ಕುಡಿಸಿದ್ದರು. ಗಡಿ ತಾಲೂಕಿನಲ್ಲಿ ವರ್ಷಗಟ್ಟಲೆ ನೌಕರಿ ಮಾಡಿ ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಗದರಿಸುವುದಿದ್ದರೆ ಮರಾಠಿ, ಪುಸಲಾಯಿಸುವುದಿದ್ದರೆ ಕನ್ನಡ. ಅಂದು ಕನ್ನಡದಲ್ಲೇ ಹೇಳಿದರು: "ಆ ಸಂಗವ್ವಬಾಯಿಗೆ ಕಿವಿ ಕೇಳಸೂದಿಲ್ಲ ಮಾಸ್ತರ. ನೀವು ಬಾಜೂಕ ಇರಾವ್ರು. ಯಾವಾಗ ಯಾವಾಗ ಕೇಳಸಲಿಲ್ಲ, ಏನಾತು, ತಾರೀಖು ಹಾಕಿ ಒಂದು ವಹ್ಯಾಗ ಬರದಿಡ್ರಿ. ಆಕಿ ಹೋದ್ರ ಸಾಲಿ ನಿಮ್ಮ ಕೈಯಾಗ."

ಜತ್ತಿನ ಬಜಾರದಲ್ಲಿ ಅವತ್ತೇ ಒಂದು ವಹಿ ಕೊಂಡುಕೊಂಡೆ. ಇದು ನಾಚಿಕೆಗೇಡಿನ ಮಾತು, ಆದರೆ ಇನ್ನೂ ನಾಚಿಕೆಗೇಡಿನ ಮಾತೆಂದರೆ ಅವತ್ತು ನನಗೆ ಒಂದಿಷ್ಟೂ ನಾಚಿಕೆಯಾಗಿರಲಿಲ್ಲ. ಹೊಸ ವಹಿಯ ಮೊದಲ ಹಾಳೆಯ ಮೇಲೆ ಶ್ರೀ ಬರೆದು ಶುರು ಮಾಡಿದೆ.

ಯಾವುದೋ ವರ್ಷದ ಜ್ವರದಲ್ಲಿ ಅಕ್ಕೋರ ಕಿವಿ ಹೋಗತೊಡಗಿತ್ತಂತೆ. ನಾನು ಬಂದಾಗ, ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಬೆನ್ನ ಹಿಂದೆ ಡೊಳ್ಳು ಬಡಿದರೂ ಗೊತ್ತಾಗುತ್ತಿರಲಿಲ್ಲ. ಒಂದು ಹುಡುಗಿ ನೀರಿಗೆ ಹೋಗಲೇ ಎಂದು ಮೂರು ಸಲ ಕೇಳಿತು, ಅಕ್ಕೋರಿಗೆ ಕೇಳಲಿಲ್ಲ, ಬರೆದೆ. ಸರಪಂಚರು ಬಾಗಿಲಲ್ಲಿ ನಿಂತು ಕರೆದರು, ಅಕ್ಕೋರು ಫಲಕದ ಮೇಲೆ ಮಗ್ಗಿ ಬರೆಯುತ್ತಲೇ ಇದ್ದರು, ಬರೆದೆ. ಹುಡುಗರು ಪಾಠ ಒಪ್ಪಿಸುವಾಗ ಒಂದು ಸಾಲು ನುಂಗಿದರು, ಅದನ್ನೂ ಬರೆದೆ. ನುಂಗಿದ ಸಾಲು ಯಾವುದೆಂದು ಹುಡುಗರಿಗೆ ಹೇಳಿಕೊಡಬೇಕು ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಅದೇ ವರ್ಷದ ಬೇಸಿಗೆ ಸೂಟಿಯಲ್ಲಿ ಅಕ್ಕೋರು ಮಿರಜಿಗೆ ಹೋದರು. ಅಲ್ಲಿ ಅವರ ತಮ್ಮ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದ. ಕಿವಿಯ ಡಾಕ್ಟರು ಹೊರದೇಶದ ಒಂದು ಯಂತ್ರದ ಹೆಸರು ಹೇಳಿದರು. ಬೆಲೆ ಕೇಳಿ ಅಕ್ಕೋರು ಎದ್ದು ಬಂದರು. ನಾನೇ ಒಂದು ಮಾಡಿಕೊಡುತ್ತೇನೆ ಅಕ್ಕಾ ಎಂದ ತಮ್ಮ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಆ ತಮ್ಮನೇ ಮುಂದೊಮ್ಮೆ ನನಗೆ ಹೇಳಿ ನಕ್ಕಿದ್ದ: "ನೀ ಮಾಡಿಕೊಟ್ರ, ಕೆಟ್ಟಾಗೊಮ್ಮೆ ನಾ ನಿನ್ನ ಹಾದಿ ನೋಡ್ಕೋತ ಕುಂದ್ರಬೇಕು. ಮಾಡಿಕೊಡಬ್ಯಾಡ. ಮಾಡೂದು ಕಲಿಸು."

ಇಡೀ ಸೂಟಿ ತಮ್ಮನ ಅಂಗಡಿಯಲ್ಲಿ ಚಾಪೆ ಹಾಕಿಕೊಂಡು ಕೂತರು. ನಲವತ್ತು ದಾಟಿದ ಹೆಂಗಸು ರಾಳದ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ತಂತಿಗೆ ಬೆಸುಗೆ ಹಾಕುವುದನ್ನು ನೋಡಲು ಗಿರಾಕಿಗಳು ನಿಲ್ಲುತ್ತಿದ್ದರಂತೆ. ಹಳೆಯ ಸಾಮಾನಿನ ಜುನಾ ಬಜಾರದಲ್ಲಿ ದಂಡಿನವರು ಬಳಸಿ ಎಸೆದ ಒಂದು ಹೆಡ್‌ಫೋನು ಸಿಕ್ಕಿತು. ಅದರ ಪಟ್ಟಿ ಯಾವನೋ ಸಿಪಾಯಿಯ ತಲೆಗೆ ಸರಿಯಾದದ್ದು, ಅಕ್ಕೋರ ತಲೆಯಿಂದ ಜಾರಿ ಕೊರಳಿಗೆ ಬರುತ್ತಿತ್ತು. ಪಟ್ಟಿಯನ್ನು ಕತ್ತರಿಸಿ ಗಿಡ್ಡ ಮಾಡಿದರು. ಕಿವಿಡಬ್ಬಿಯ ರಬ್ಬರು ಕರಗಿ ಅಂಟಂಟಾಗಿತ್ತು. ಅದನ್ನು ಕಿತ್ತೊಗೆದು ಹರಕು ಕಂಬಳಿಯ ಎರಡು ದುಂಡನೆಯ ತುಂಡು ಹೊಲಿದರು. ಒಂದು ಹಳೆಯ ಟೆಲಿಫೋನಿನಿಂದ ಬಾಯಿಯ ಹತ್ತಿರ ಹಿಡಿಯುವ ಭಾಗವನ್ನು ಬಿಚ್ಚಿ, ಮುಚ್ಚಳಕ್ಕೆ ತೂತು ಕೊರೆದ ಕುಂಕುಮದ ಭರಣಿಯೊಳಗೆ ಕೂಡಿಸಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ನಾಲ್ಕು ಬ್ಯಾಟರಿ ಸೆಲ್ಲು ಎಲೆಸಂಚಿಗೆ ಹೋದವು. ಎಲೆ ಅಡಿಕೆ ಬೇರೆ ಸಂಚಿಗೆ ಹೋಯಿತು.

ದೀಪ ಮಾತ್ರ ತಮ್ಮ ಕಲಿಸಿದ್ದಲ್ಲ, ಅವರದೇ ಸ್ವಂತ. ಬ್ಯಾಟರಿಯ ಸಣ್ಣ ಬಲ್ಬು, ಅದರ ಮೇಲೆ ಪೇಪರಮೆಂಟಿಗೆ ಸುತ್ತಿ ಬರುವ ಕೆಂಪು ಕಾಗದ. ಕಿವಿಡಬ್ಬಿಗೆ ಕರೆಂಟು ಹೋಗುವ ಗುಂಡಿಯಿಂದಲೇ ಅದಕ್ಕೂ ಕರೆಂಟು. ಕಿವಿ ಕೇಳುತ್ತಿದ್ದರೆ ದೀಪ ಉರಿಯುತ್ತದೆ, ದೀಪ ಆರಿದರೆ ಕಿವಿ ಮುಚ್ಚಿದೆ ಎಂದು ಲೆಕ್ಕ.

ಶಾಲೆ ತೆರೆದ ಮೊದಲ ದಿನ ಆ ವೇಷದಲ್ಲಿ ಬಂದು ನಿಂತಾಗ ಮಕ್ಕಳು ಬಾಯಿ ತೆರೆದುಕೊಂಡು ಕೂತುಬಿಟ್ಟವು. ಅಕ್ಕೋರು ಭರಣಿಯನ್ನು ಬಿಚ್ಚಿ ತೋರಿಸಿದರು. "ಇದರೊಳಗ ಇದ್ದಲಿ ಕಾಳು ಅದಾವ. ನೀವು ಮಾತಾಡಿದ್ರ ಮಾತು ಬಂದು ಇದಕ್ಕ ಬಡೀತೈತಿ. ಕಾಳು ನಡಗತಾವ. ತಂತ್ಯಾಗಿನ ಕರೆಂಟು ನಡಗತೈತಿ. ಕಿವ್ಯಾಗಿನ ತಗಡು ನಡಗತೈತಿ. ಎಲ್ಲಾ ನಡಗತಾವ, ನಾ ಒಬ್ಬಾಕಿ ನಡಗೂದಿಲ್ಲ!"

ಆಮೇಲೆ ಒಂದು ಕಾಯಿದೆ ಮಾಡಿದರು. ತಲೆಯ ಮೇಲಿನ ದೀಪ ತಲೆ ಹೊತ್ತವರಿಗೆ ಕಾಣುವುದಿಲ್ಲ. ಆದ್ದರಿಂದ ಪಾಠ ನಡೆದಾಗ ದೀಪ ಆರಿತೆಂದರೆ, ಯಾರು ನೋಡುತ್ತಾರೋ ಅವರು ಕೈ ಎತ್ತಬೇಕು. ಎತ್ತದೆ ಕೂತು ಮಜಾ ನೋಡುವುದು ಕಳ್ಳತನ. ಮಕ್ಕಳಿಗೆ ಇದೊಂದು ಆಟವಾಯಿತು. ತಂತಿಯ ಬೆಸುಗೆ ಬಿಡುತ್ತಿತ್ತು, ಸೆಲ್ಲು ತೀರುತ್ತಿತ್ತು, ಭರಣಿಯೊಳಗಿನ ಇದ್ದಿಲ ಕಾಳು ಹೆಪ್ಪುಗಟ್ಟಿ ಕೂತುಬಿಡುತ್ತಿತ್ತು. ಕಾಳು ಸಡಿಲಾಗಲೆಂದೇ ಆ ಟಕ್ ಟಕ್. ಬೆಸುಗೆ ಬಿಟ್ಟರೆ ಸಂಜೆ ಮನೆಯ ಒಲೆಯ ಕೆಂಡದಲ್ಲಿ ತಾಮ್ರದ ಕಡ್ಡಿ ಕಾಯಿಸಿ ತಾವೇ ಹಚ್ಚುತ್ತಿದ್ದರು. ಅವರ ಯಜಮಾನ ಕಲ್ಲಪ್ಪಣ್ಣ ಒಳ್ಳೆಯ ಚಾಷ್ಟಿಯ, ನಗೆಮಾತಿನ ಮನುಷ್ಯ. ಹಾದಿಯಲ್ಲಿ ಸಿಕ್ಕಾಗ ನನಗೆ ಹೇಳುತ್ತಿದ್ದ: "ನಮ್ಮ ಮನ್ಯಾಗ ಈಗ ತಂತಿ ಮೊದಲು ಬೇಯ್ತೈತ್ರಿ ಮಾಸ್ತರ, ರೊಟ್ಟಿ ಆಮ್ಯಾಲ. ಆದ್ರ ಒಂದು ಚಲೋ ಆತು. ಇಪ್ಪತ್ತು ವರ್ಷ ಆಕಿ ಹೇಳತಿದ್ದಳು, ನಾ ಕೇಳತಿದ್ದೆ. ಈಗ ಆಕೀನೂ ಕೇಳತಾಳ."

ಊರಿಗೆ ಇದು ಅಷ್ಟು ಸುಲಭವಾಗಿ ಅರಗಲಿಲ್ಲ. ಕಿವುಡಿಯೆಂದು ಎದುರಿಗೇ ಏನಾದರೂ ಅಂದುಬಿಡುವ ಚಟ ಜನರಿಗೆ ಹತ್ತಿತ್ತು. ಸರಪಂಚರು ಒಮ್ಮೆ ಶಾಲೆಯ ಮುಂದೆ ಹಾದು ಹೋಗುವಾಗ, ದೀಪ ಆರಿದ್ದನ್ನು ನೋಡಿಕೊಂಡು, ಜೊತೆಯವನಿಗೆ ಏನೋ ಅಂದು ನಕ್ಕರು. ಅಕ್ಕೋರಿಗೆ ಮಾತು ಕೇಳಲಿಲ್ಲ, ನಗೆ ಕಂಡಿತು. ಟಕ್ ಟಕ್ ಬಡಿದರು, ಗುಂಡಿ ಒತ್ತಿದರು, ದೀಪ ಹೊತ್ತಿತು. "ದೀಪಾ ಹಚ್ಚೇನ್ರಿ ಸರಪಂಚರ. ಅಂದದ್ದು ಇನ್ನೊಮ್ಮೆ ಅನ್ರಿ." ಸರಪಂಚರು ಈ ವರ್ಷ ಜೋಳ ಚೆನ್ನಾಗಿದೆ ಎಂದರಂತೆ. ಹೊಲದಲ್ಲಿ ಜೋಳ ಇನ್ನೂ ಬಿತ್ತಿರಲಿಲ್ಲ.

ಆದರೆ ನಿಜವಾದ ರಗಳೆ ಎದ್ದದ್ದು ಟಕ್ ಟಕ್‌ನಿಂದ. ಶಾಲೆಯ ಎದುರಿಗೆ ಗುರುಲಿಂಗಪ್ಪನವರ ಕಿರಾಣಿ ಅಂಗಡಿ. ದೈವಭಕ್ತರು, ವಿಭೂತಿ ಇಲ್ಲದೆ ಅಂಗಡಿಯ ಬಾಗಿಲು ತೆಗೆಯದವರು. ಅವರು ಅಂಗಡಿಯಲ್ಲಿ ಕೂತು ದಿನವೂ ನೋಡುತ್ತಾರೆ: ಈ ಹೆಂಗಸು ಬೆಳಿಗ್ಗೆ ಎದ್ದು ಬಂದು, ಮಕ್ಕಳ ಮುಂದೆ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಗೆಣ್ಣಿನಿಂದ ಬಡಿಯುತ್ತಾಳೆ! ಕರಡಿಗೆಯೂ ದುಂಡಗೆ, ಭರಣಿಯೂ ದುಂಡಗೆ. ಎರಡೂ ಒಂದೇ ಜಾಗದಲ್ಲಿ ತೂಗುತ್ತಿದ್ದವು. ರಸ್ತೆಯ ಆಚೆಯಿಂದ ಯಾರಿಗೆ ವ್ಯತ್ಯಾಸ ಗೊತ್ತಾಗಬೇಕು? ಇಡೀ ವಸ್ತಿಯಲ್ಲಿ ಗುಲ್ಲೆದ್ದಿತು, ಅಕ್ಕೋರು ಲಿಂಗ ಬಡಿಯುತ್ತಾರೆ ಎಂದು. ಎರಡು ಮನೆಯವರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದರು.

ಅಕ್ಕೋರು ನೇರವಾಗಿ ಅಂಗಡಿಗೆ ಹೋದರು. ನಾನೂ ಹಿಂದೆ ಹೋದೆ, ವಹಿಗೆ ಏನಾದರೂ ಸಿಕ್ಕೀತೆಂದು.

"ಗುರುಲಿಂಗಪ್ಪನವರ, ಇದು ಕರಡಿಗಿ. ಇದು ಕುಂಕುಮದ ಭರಣಿ. ಹತ್ತರ ಬಂದು ನೋಡ್ರಿ."

ಗುರುಲಿಂಗಪ್ಪನವರು ಕನ್ನಡಕ ಏರಿಸಿ ನೋಡಿದರು. ತಪ್ಪು ತಿಳಿಯಿತು. ಆದರೆ ಊರ ತುಂಬ ಹೇಳಿಯಾಗಿತ್ತಲ್ಲ, ಇನ್ನು ಹಿಂದಕ್ಕೆ ಸರಿಯುವುದು ಹೇಗೆ? "ಆದ್ರೂ ಅಷ್ಟು ಹತ್ತರ ಬಡೀಬಾರದು ತಾಯಿ," ಎಂದರು.

"ನನ್ನ ಲಿಂಗಪ್ಪಗ ನಾ ಬಡೀಲಾರದ ಕೇಳಸತೈತ್ರಿ," ಎಂದರು ಅಕ್ಕೋರು. "ಈ ಭರಣಿಗೆ ಬಡದ್ರ ಅಷ್ಟ ಕೇಳಸೂದು. ನಾ ಏನು ಮಾಡ್ಲಿ?"

ಅಂಗಡಿಯಲ್ಲಿದ್ದವರು ನಕ್ಕರು. ಆ ನಗೆಯನ್ನು ಗುರುಲಿಂಗಪ್ಪನವರು ಮರೆಯಲಿಲ್ಲ. ಜತ್ತಿಗೆ ತಕರಾರು ಅರ್ಜಿ ಹೋಯಿತು. ಲಿಂಗದ ಮಾತನ್ನು ಬಿಟ್ಟು, ಈ ಶಿಕ್ಷಕಿಗೆ ಕಿವಿ ಕೇಳುವುದಿಲ್ಲ, ತಲೆಯ ಮೇಲೆ ದೀಪ ಹಚ್ಚಿಕೊಂಡು ಹುಚ್ಚಾಟ ನಡೆಸಿದ್ದಾಳೆ, ಮಕ್ಕಳ ಗತಿಯೇನು ಎಂದು ಬರೆದಿದ್ದರು. ಸಾಹೇಬರು ಬರುವ ಸುದ್ದಿ ಬಂತು. ಬಂದರೆ ಪರೀಕ್ಷೆ, ಕೇಳಲಿಲ್ಲವೆಂದರೆ ಮನೆಗೆ. ಇಷ್ಟು ಸ್ಪಷ್ಟವಾಗಿತ್ತು.

ಸಾಹೇಬರು ಬರುವ ಮುನ್ನಿನ ವಾರ, ಮಧ್ಯಾಹ್ನದ ಸೂಟಿಯಲ್ಲಿ ಅಕ್ಕೋರು ಪಡಸಾಲೆಯಲ್ಲಿ ಕೂತು ಸೆಲ್ಲು ಬದಲಿಸುತ್ತಿದ್ದರು. ಆ ಹೊತ್ತಿಗೆ ಆ ಯಂತ್ರದ ಮೇಲೆ ನನಗೂ ಒಂದು ಬಗೆಯ ಮೋಹ ಹುಟ್ಟಿತ್ತು. ನಾನು ಹೇಳಿದೆ: "ಅಕ್ಕೋರ, ಸೆಲ್ಲಿನ ಶಕ್ತಿ ಎಲ್ಲಾ ಆ ಬಲ್ಬ ತಿಂತೈತ್ರಿ. ಬಲ್ಬ ತಗದುಬಿಟ್ರ ಸೆಲ್ ಭಾಳ ದಿವಸ ಬರತಾವು. ದನೀನೂ ಜೋರ ಬರತೈತಿ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಗೊತ್ತೈತ್ರಿ ಮಾಸ್ತರ. ನನ್ನ ತಮ್ಮಾನೂ ಅದನ್ನ ಹೇಳಿದ. ಗ್ವಾಡಿಗೂ ಕಿವಿ ಇರತಾವ ಅಂತ ಮಂದಿ ಯಾಕ ಅಂಜತಾರ ಹೇಳ್ರಿ? ಗ್ವಾಡಿಗೆ ದೀಪ ಇರೂದಿಲ್ಲ, ಅದಕ್ಕ. ಯಾವಾಗ ಕೇಳಸ್ಕೋತೈತಿ, ಯಾವಾಗ ಇಲ್ಲ, ತಿಳಿಯೂದಿಲ್ಲ. ದೀಪಿಲ್ಲದ ಕಿವಿ ಅಂದ್ರ ಕಳ್ಳಗಿವಿ. ನನಗ ಬ್ಯಾಡ. ನಾ ಕೇಳಾಕತ್ತೇನಿ ಅಂತ ಗೊತ್ತಿದ್ದ ಮಂದಿ ಆಡೂ ಮಾತಷ್ಟ ನನಗ ಸಾಕು."

ಅವರಿಗೆ ವಹಿಯ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವತ್ತಿನಿಂದ ವಹಿಯಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಹರಿದು ಹಾಕಲಿಲ್ಲ. ಹರಿಯುವಷ್ಟು ಧೈರ್ಯ ಇರಲಿಲ್ಲ, ಸಾಹೇಬರು ಕೇಳಿದರೆ ಏನೆಂದು ಹೇಳಲಿ? ಚೀಲದ ತಳದಲ್ಲಿ ಇಟ್ಟುಕೊಂಡು ತಿರುಗಿದೆ.

ಸಾಹೇಬರು ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆಂದು ಹೇಳಿ ಕಳಿಸಿದ್ದರು. ಅಕ್ಕೋರು ಹತ್ತಕ್ಕೆ ದೀಪ ಹಚ್ಚಿದರು. ಹನ್ನೊಂದಾಯಿತು, ಹನ್ನೆರಡಾಯಿತು. ಯಾವ ಗಳಿಗೆಯಲ್ಲಾದರೂ ಬರಬಹುದು, ಬಂದಾಗ ದೀಪ ಆರಿದ್ದರೆ ಆಡಿಕೊಳ್ಳಲು ಅನುಕೂಲ. ಹಾಗಾಗಿ ಆರಿಸಲಿಲ್ಲ. ಸಾಹೇಬರ ಜೀಪು ಎರಡು ಗಂಟೆಗೆ ಬಂತು. ಸರಪಂಚರು, ಗುರುಲಿಂಗಪ್ಪನವರು ಪಡಸಾಲೆಯಲ್ಲಿ ಬಂದು ಕೂತರು.

ಪರೀಕ್ಷೆ ಹೀಗಿತ್ತು. ಅಕ್ಕೋರು ಫಲಕದ ಕಡೆ ಮುಖ ಮಾಡಿ, ಕೈಯಲ್ಲಿ ಸೀಮೆಸುಣ್ಣದ ಖಡು ಹಿಡಿದು ನಿಲ್ಲಬೇಕು. ಸಾಹೇಬರು ವರ್ಗದ ಹಿಂದೆ ಕುರ್ಚಿ ಹಾಕಿಕೊಂಡು ನಾಲ್ಕನೆಯ ಇಯತ್ತೆಯ ಪುಸ್ತಕ ಓದುತ್ತಾರೆ. ಕೇಳಿದ್ದನ್ನು ಅಕ್ಕೋರು ಬರೆಯಬೇಕು. ಹುಡುಗರಿಗೆ ದಿನವೂ ಶುದ್ಧಲೇಖನ ಹಾಕುವ ಹೆಂಗಸು, ಅವತ್ತು ಹುಡುಗರ ಮುಂದೆ ತಾವೇ ಬೆನ್ನು ತಿರುಗಿಸಿ ಶುದ್ಧಲೇಖನಕ್ಕೆ ನಿಂತರು.

ಮೊದಲ ವಾಕ್ಯ ಓದಿದರು, ಅಕ್ಕೋರು ಬರೆದರು. ಎರಡನೆಯದನ್ನೂ ಒಂದು ತಪ್ಪಿಲ್ಲದೆ ಬರೆದರು. ಗುರುಲಿಂಗಪ್ಪನವರು ಮಿಸುಕಾಡಿದರು. ಮೂರನೆಯ ವಾಕ್ಯದ ನಡುವೆ ತಲೆಯ ಮೇಲಿನ ದೀಪ ಮಸುಕಾಯಿತು, ಎರಡು ಸಲ ಮಿನುಗಿತು, ಆರಿತು. ನಾಲ್ಕು ತಾಸು ಉರಿದ ಸೆಲ್ಲು, ಎಷ್ಟು ತಡೆದೀತು? ದೀಪ ಆರಿದ್ದನ್ನು ಸಾಹೇಬರು ನೋಡಿದರು. ನೋಡಿಯೂ ಓದುತ್ತಲೇ ಹೋದರು.

ಮಕ್ಕಳ ಕೈಗಳು ಮೇಲೆದ್ದವು. ಮೊದಲು ಮುಂದಿನ ಸಾಲು, ಆಮೇಲೆ ಇಡೀ ಕೋಣೆ. ಕೈ ಕೆಳಗಿಳಿಸಿ ಎಂದು ಸಾಹೇಬರು ಮರಾಠಿಯಲ್ಲಿ ಗದರಿದರು. ಒಂದು ಕೈಯೂ ಇಳಿಯಲಿಲ್ಲ. ಖಡು ಹಿಡಿದು ಕಾಯುತ್ತಿದ್ದ ಅಕ್ಕೋರಿಗೆ ಏನೋ ಅನುಮಾನ ಬಂದು ಹಿಂದಿರುಗಿ ನೋಡಿದರು. ಎತ್ತಿದ ಕೈಗಳನ್ನು ಕಂಡರು. ಸಾಹೇಬರು ನಗುತ್ತ ಏಳತೊಡಗಿದ್ದರು.

"ದೀಪಾ ಹೋಗೇತಿ," ಎಂದರು ಅಕ್ಕೋರು. ಕಿವಿ ಮುಚ್ಚಿದಾಗ ಅವರ ದನಿ ಏರುತ್ತಿತ್ತು, ಅವತ್ತು ಕೋಣೆಯ ಗೋಡೆಗೆ ಬಡಿಯುವಷ್ಟು ಏರಿತು. "ಈಗ ನಾ ಕಿವುಡಿ. ಬರಕೊಳ್ರಿ ಸಾಹೇಬ್ರ, ಅದು ಖರೇನ ಐತಿ. ಅದರ ಕೆಳಗ ಇದನ್ನೂ ಬರಕೊಳ್ರಿ. ನನಗ ಕೇಳಸಲಿಲ್ಲಂದ್ರ ಈ ಸಾಲ್ಯಾಗ ಇಷ್ಟು ಕೈ ಏಳತಾವ. ನಿಮ್ಮ ಕಚೇರ್ಯಾಗ ನಿಮಗ ಕೇಳಸಲಿಲ್ಲಂದ್ರ ಯಾರು ಕೈ ಎತ್ತತಾರ್ರಿ?"

ಸಾಹೇಬರ ನಗೆ ಅಲ್ಲೇ ನಿಂತಿತು. ಅವರು ನನ್ನ ಕಡೆ ತಿರುಗಿದರು. "ಮಾಸ್ತರ, ವಹಿ."

ಕೊಟ್ಟೆ. ಇಲ್ಲವೆನ್ನಬಹುದಿತ್ತು, ಮನೆಯಲ್ಲಿ ಮರೆತೆ ಅನ್ನಬಹುದಿತ್ತು. ಆದರೆ ಚೀಲಕ್ಕೆ ಕೈ ಹಾಕಿ ತೆಗೆದು ಕೊಟ್ಟೆ. ಸಾಹೇಬರು ಅದನ್ನು ಮುಖಕ್ಕೆ ಅಡ್ಡ ಹಿಡಿದು, ಸರಪಂಚರಿಗೂ ಗುರುಲಿಂಗಪ್ಪನವರಿಗೂ ಕೇಳುವಂತೆ ಓದತೊಡಗಿದರು. ನನ್ನ ಅಕ್ಷರ, ನನ್ನ ತಾರೀಖು, ನನ್ನ ಮಾತು. ತುಟಿ ಕಾಣದೆ ಅಕ್ಕೋರಿಗೆ ಏನೂ ತಿಳಿಯಲಿಲ್ಲ. ಎಲ್ಲರೂ ತನ್ನ ಬಗ್ಗೆ ಏನನ್ನೋ ಕೇಳುತ್ತಿದ್ದಾರೆ, ತನಗೊಬ್ಬಳಿಗೇ ಕೇಳುತ್ತಿಲ್ಲ ಎಂಬುದಷ್ಟೇ ತಿಳಿಯಿತು. ಅವರು ನನ್ನ ಕಡೆ ನೋಡಿದರು. ಏನದು ಎಂದು ಕಣ್ಣಲ್ಲೇ ಕೇಳಿದರು.

ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳನ್ನು ಎಣಿಸಲು ಒಂದು ಕೈ ಸಾಕು, ಅದರಲ್ಲಿ ಇದೊಂದು. ಎದ್ದು ಹೋಗಿ ಅಕ್ಕೋರ ತಲೆಯ ಮೇಲಿನ ಬಲ್ಬನ್ನು ತಿರುವಿ ತೆಗೆದೆ. ಬಲ್ಬು ಹೋದರೆ ಸತ್ತ ಸೆಲ್ಲಿನಲ್ಲಿ ಉಳಿದ ಚೂರು ಶಕ್ತಿ ಕಿವಿಗೆ ಸಾಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೇಳಿಸಿದರೆ ಏನು ಕೇಳುತ್ತದೆ ಎಂಬುದೂ ಗೊತ್ತಿತ್ತು. ಅಕ್ಕೋರು ಟಕ್ ಟಕ್ ಬಡಿದರು. ಮುಖ ಬದಲಾಯಿತು. ಕೇಳತೊಡಗಿತು.

ತುಟಿ ಪಿಟ್ಟೆನ್ನದೆ ನಿಂತು ಎಲ್ಲವನ್ನೂ ಕೇಳಿಕೊಳ್ಳಬಹುದಿತ್ತು. ದೀಪ ಇಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಕೈ ಮೇಲೆತ್ತಿದರು, ಮಕ್ಕಳ ಹಾಗೆಯೇ. "ತಡೀರಿ ಸಾಹೇಬ್ರ. ತೆಲಿಮ್ಯಾಲ ದೀಪ ಇಲ್ಲ, ಆದ್ರ ನನಗ ಈಗ ಕೇಳಸಾಕತ್ತೈತಿ. ಮೊದಲ ಹೇಳತೀನಿ, ಆಮ್ಯಾಲ ಕದ್ದು ಕೇಳಿದಳು ಅನಬ್ಯಾಡ್ರಿ. ಹೂಂ, ಮುಂದ ಓದ್ರಿ."

ಸಾಹೇ‌ಬರಿಗೆ ಓದದೆ ಗತಿ ಇರಲಿಲ್ಲ. ದನಿ ಸಣ್ಣದಾಗುತ್ತ ಹೋಯಿತು. ಅಕ್ಕೋರು "ಜೋರ ಓದ್ರಿ" ಎಂದರು, ನಾಲ್ಕನೆಯ ಇಯತ್ತೆಯವರಿಗೆ ಹೇಳುವ ಹಾಗೆ. ಹನ್ನೊಂದು ತಾರೀಖುಗಳನ್ನು ಓದಿ ಮುಗಿಸಿದರು. ನಾನು ನೆಲ ನೋಡುತ್ತಿದ್ದೆ.

"ಹನ್ನೊಂದಲ್ರಿ," ಎಂದರು ಅಕ್ಕೋರು. "ಹದಿನಾಕು. ಮೂರು ಮಾಸ್ತರ ಕಣ್ಣಿಗೆ ಬಿದ್ದಿಲ್ಲ, ಹುಡುಗೂರು ನನಗ ಆಮ್ಯಾಲ ಹೇಳ್ಯಾವು. ನಾ ಹೇಳತೀನಿ, ಬರಕೊಳ್ರಿ."

ಸಾಹೇಬರಿಗೆ ಮೂರನ್ನೂ ಬರೆಯಿಸಿದರು. ಬರೆದದ್ದರ ಕೆಳಗೆ ತಾವೇ ಸಹಿ ಹಾಕಿದರು. ಸಹಿಯ ಕೆಳಗೆ ಒಂದು ಸಾಲು ಸೇರಿಸಿದರು: ಮೇಲಿನದೆಲ್ಲ ಸತ್ಯ, ಈ ಹದಿನಾಲ್ಕು ದಿನವೂ ಪಾಠ ನಿಂತಿಲ್ಲ, ಬೇಕಾದರೆ ಮಕ್ಕಳ ಪರೀಕ್ಷೆ ತೆಗೆದುಕೊಳ್ಳಿರಿ. ಸಾಹೇಬರು ಮಕ್ಕಳ ಪರೀಕ್ಷೆ ತೆಗೆದುಕೊಳ್ಳಲಿಲ್ಲ. ಅಕ್ಕೋರು ನನ್ನ ಕೈಯಿಂದ ಬಲ್ಬು ಇಸಿದುಕೊಂಡು ಪಡಸಾಲೆಯ ಕಡೆ ತಿರುಗಿದರು. "ಗುರುಲಿಂಗಪ್ಪನವರ, ನಿಮ್ಮ ಅಂಗಡ್ಯಾಗ ಸೆಲ್ ಅದಾವೇನ್ರಿ? ದೀಪ ಹಚ್ಚೂದೈತಿ. ಇನ್ನೂ ಒಂದು ತಾಸು ಪಾಠ ಉಳದೈತಿ." ಆ ಮನುಷ್ಯ ತಾನೇ ಎದ್ದು ಹೋಗಿ ನಾಲ್ಕು ಸೆಲ್ಲು ತಂದುಕೊಟ್ಟ.

ಕೆಲವು ತಿಂಗಳ ಮೇಲೆ ಸಾಂಗಲಿಯ ಜಿಲ್ಲಾ ಕಚೇರಿಯಿಂದ ಕಾಗದ ಬಂತು, ಡಾಕ್ಟರ ಸರ್ಟಿಫಿಕೇಟು ತರಬೇಕೆಂದು. ಮಿರಜಿನ ಡಾಕ್ಟರು ಯಂತ್ರ ಹಾಕಿದರೆ ಕೇಳುತ್ತದೆ, ತೆಗೆದರೆ ಇಲ್ಲ ಎಂದು ಬರೆದುಕೊಟ್ಟರು. ಯಂತ್ರ ಹಾಕಿಕೊಂಡೇ ನೌಕರಿ ಮಾಡಲು ಅಡ್ಡಿಯಿಲ್ಲ ಎಂಬ ಇನ್ನೊಂದು ಕಾಗದ ಬಂತು. ಅಕ್ಕೋರು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಿಲ್ಲ. ಸಿಗಬೇಕಾದದ್ದು ಸಿಕ್ಕಿದೆ, ಇದರಲ್ಲಿ ಕುಣಿಯುವುದೇನು ಎಂಬ ಹಾಗೆ ಕಪಾಟಿನಲ್ಲಿಟ್ಟರು.

ವಹಿಯ ಮಾತನ್ನು ಅವರು ನನ್ನೆದುರು ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಧ್ಯಾಹ್ನ ಎಂದಿನಂತೆ ಅವರ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ನನ್ನ ತಾಟಿಗೂ ಬರುತ್ತಿತ್ತು. ತಾಳಲಾರದೆ, ಬೇರೆ ಶಾಲೆಗೆ ಬದಲಿ ಮಾಡಿಕೊಡಿರೆಂದು ಅರ್ಜಿ ಬರೆದೆ. ಮುಖ್ಯ ಶಿಕ್ಷಕಿಯ ಶಿಫಾರಸಿಲ್ಲದೆ ಅದು ಜತ್ತಿಗೆ ಹೋಗುವಂತಿಲ್ಲ. ಅಕ್ಕೋರು ಓದಿ, 'ಶಿಫಾರಸು ಇಲ್ಲ' ಎಂದು ಬರೆದರು. ಮರುವರ್ಷ ಮತ್ತೆ ಕೊಟ್ಟೆ, ಮತ್ತೆ 'ಶಿಫಾರಸು ಇಲ್ಲ'. ಮೂರನೆಯ ಸಲ ನನಗೂ ಸಿಟ್ಟು ಬಂತು. "ಯಾಕ್ರಿ ಅಕ್ಕೋರ? ನಾ ನಿಮಗ ಯಾಕ ಬೇಕಾಗೇನಿ?" ಎಂದು ಕೂಗಿದೆ. ದೀಪ ಉರಿಯುತ್ತಿತ್ತು, ಕೇಳಿಸಿತ್ತು. "ಪಾಠಕ್ಕ ಹೊತ್ತಾತು," ಎಂದು ಎದ್ದು ಹೋದರು.

ಹೀಗೆ ಅವರು ನಿವೃತ್ತರಾಗುವ ತನಕ ಅವರ ಪಕ್ಕದಲ್ಲೇ ಇದ್ದೆ. ಬೆಸುಗೆ ಹಾಕುವುದನ್ನು ಕಲಿತೆ. ನುಂಗಿದ ಸಾಲನ್ನು ಹುಡುಗರ ಬಾಯಿಂದ ಹೊರಡಿಸುವುದನ್ನೂ ಅವರಿಂದಲೇ ಕಲಿತೆ. ನನಗೆ ಮಾಸ್ತರಿಕೆ ಅಂತ ಏನಾದರೂ ಬರುತ್ತಿದ್ದರೆ ಅದು ಆ ವರ್ಷಗಳದ್ದು. ಆದರೂ ಆ ಮೂರು 'ಶಿಫಾರಸು ಇಲ್ಲ' ಮುಳ್ಳಿನಂತೆ ಉಳಿದುಬಿಟ್ಟವು. ಸೇಡು ತೀರಿಸಿಕೊಂಡರೇ? ದಿನವೂ ಕಣ್ಣೆದುರು ಕೂಡಿಸಿ ಸುಡಬೇಕೆಂದಿದ್ದರೇ? ಕೇಳುವ ಧೈರ್ಯ ಮತ್ತೆ ಬರಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಜತ್ತಿನ ಬಸ್ ನಿಲ್ದಾಣದಲ್ಲಿ. ಅದಾಗಿ ಒಂದು ವರ್ಷಕ್ಕೆ ತೀರಿಕೊಂಡರೆಂದು ಕಲ್ಲಪ್ಪಣ್ಣನ ಕಾರ್ಡು ಬಂತು. ಅವತ್ತು ಅವರು ಮಿರಜಿನ ಬಸ್ಸಿಗೆ ಕಾಯುತ್ತಿದ್ದರು, ನಾನು ಶೇಗಾಂವದ ಬಸ್ಸಿಗೆ. ತಲೆಯ ಮೇಲೆ ಬರೀ ಸೆರಗು. ಕಾಲು ಮುಟ್ಟಿದಾಗ ಗುರುತು ಹಿಡಿದು, ಕಿವಿಯ ಕಡೆ ಬೆರಳು ಮಾಡಿ ಕೈ ಅಲ್ಲಾಡಿಸಿದರು. ಈಗ ಯಾವ ಯಂತ್ರಕ್ಕೂ ಕೇಳುವುದಿಲ್ಲ ಎಂದು. ಮೊದಲೇ ಏರುದನಿ, ಈಗ ಅದಕ್ಕೆ ಲಗಾಮೇ ಇರಲಿಲ್ಲ. "ಹೆಂಗದೀರಿ ಮಾಸ್ತರ?" ಎಂದದ್ದಕ್ಕೆ ಇಡೀ ನಿಲ್ದಾಣ ತಿರುಗಿ ನೋಡಿತು.

ಮಿರಜಿನ ಬಸ್ಸು ಬಂದು ನಿಂತಿತು. ಈಗಲ್ಲದಿದ್ದರೆ ಮತ್ತೆಂದೂ ಇಲ್ಲ ಎನ್ನಿಸಿತು. ಕಿಸೆಯಲ್ಲಿದ್ದ ಒಂದು ಚೀಟಿಯ ಹಿಂದೆ ಬರೆದು ಅವರ ಮುಂದೆ ಹಿಡಿದೆ: ನನ್ನ ಬದಲಿಯ ಅರ್ಜಿ ಯಾಕೆ ತಡೆದಿರಿ?

ಅಕ್ಕೋರು ಚೀಟಿಯನ್ನು ದೂರ ಹಿಡಿದು ಓದಿದರು. ನಕ್ಕರು. ಪಿಸುಗುಟ್ಟುತ್ತಿದ್ದೇನೆಂದು ತಿಳಿದು, ಕೂಗಿದರು:

"ನನ್ನ ಮ್ಯಾಲ ವಹಿ ಬರದಿದ್ರಿ ನೋಡ್ರಿ, ಅದಕ್ಕ! ಬ್ಯಾರೆ ಸಾಲಿಗೆ ಹೋಗಿದ್ರ ಅಲ್ಲಿ ಯಾವಾಕಿರೆ ಸಣ್ಣ ಹುಡಿಗಿ ಹೊಸದಾಗಿ ಅಕ್ಕೋರಾಗಿ ಬಂದಿರತಿದ್ದಳು. ಆಕೀ ಮ್ಯಾಲೂ ಬರೀತಿದ್ರಿ. ಆಕಿ ಅಂಜಿ ನೌಕರಿ ಬಿಟ್ಟು ಮನಿಗೆ ಹೋಗತಿದ್ದಳು. ನಾ ಅಂಜಾಕಿ ಅಲ್ಲ. ಅದಕ್ಕ ನಿಮ್ಮನ್ನ ನನ್ನ ಬಾಜೂಕ ಇಟಗೊಂಡೆ!"

ಅಷ್ಟು ಹೇಳಿ, ನನ್ನ ತೋಳನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಬಸ್ಸು ಹತ್ತಿದರು. ಕಿಟಕಿಯಲ್ಲಿ ಮುಖ ಕಾಣಲಿಲ್ಲ, ಆ ಕಡೆಯ ಸಾಲಿನಲ್ಲಿ ಜಾಗ ಸಿಕ್ಕಿರಬೇಕು. ಬಸ್ಸು ಹೊರಟುಹೋಯಿತು.

ನಿಲ್ದಾಣದ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಎದ್ದು ಆಚೆಯ ಚಹಾದ ಅಂಗಡಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟ, "ಏನ್ರಿ, ಆ ಅಕ್ಕೋರ ಮ್ಯಾಲ ವಹಿ ಬರದಾವ್ರು ಯಾರ್ರಿ?"

"ನಾನ್ರಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.